ದಂಡೆ ಹತ್ತಿದ ಏಡಿಗಳು

ಕಾಲುವೆಯ ಏಡಿಗಳು ತಾವಾಗಿಯೇ ದಂಡೆಗೆ ಬಂದವು. ನಮ್ಮೂರಿನವರು ಬುಟ್ಟಿ ಹಿಡಿದು ಓಡಿದರು. ಏಡಿ ಬೇಕೆಂದರೆ ಬಿಲದೊಳಗೆ ಮೊಳಕೈ ತನಕ ಕೈ ಹಾಕಿ ಕಚ್ಚಿಸಿಕೊಳ್ಳಬೇಕು. ಅಂಥವು ಹಾಡಹಗಲೇ ಹುಲ್ಲಿನ ಮೇಲೆ ಸಾಲಾಗಿ ಕೂತಿದ್ದರೂ ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಹದಿನೈದು ದಿನದ ಹಿಂದೆ, ಹೋದ ನೀರಿನ ಸರದಿಯಲ್ಲೂ ಹೀಗೇ ಬಂದಿದ್ದವು. ಆಗ ನಾನೂ ಕೇಳಿರಲಿಲ್ಲ. ಸಾರು ಮಾಡಿ ತಿಂದೆ. ತೂಬು ಎತ್ತಿ ಅದೇ ನೀರನ್ನು ಊರ ಕೆರೆಗೆ ಬಿಟ್ಟೆ. ಆಮೇಲೆ ಊರ ಮಕ್ಕಳೆಲ್ಲ ವಾಂತಿ ಭೇದಿ ಎಂದು ಮಾನ್ವಿ ಆಸ್ಪತ್ರೆಗೆ ಅಲೆದರು.

ನಾನು ಪಂಚಾಯತಿಯ ನೀರುಗಂಟಿ. ನಮ್ಮ ತೂಬಿಗೆ ಕಾಲುವೆ ನೀರು ಬರುವುದು ಹದಿನೈದು ದಿನಕ್ಕೊಮ್ಮೆ, ಬೆಳಗಿನಿಂದ ಸಂಜೆ ತನಕ. ಅದೇ ಕೆರೆಗೆ, ಕೆರೆಯಿಂದ ನಳಕ್ಕೆ. ಈ ಸಲ ನಾನು ತೂಬು ಎತ್ತಲಿಲ್ಲ.

"ಯಾಕ್ಲೇ ವೆಂಕೋಬ, ಕೈ ಬಿದ್ದಾವೇನು?" ಬುಟ್ಟಿ ಹೊತ್ತ ಅಂಬಮ್ಮ ಕೂಗಿದಳು. ನಮ್ಮ ಓಣಿಯ ಹೆಂಗಸರಿಗೆಲ್ಲ ಆಕೆಯೇ ಮುಂದಾಳು. "ಸಂಜಿಗೆ ನೀರು ನಿಂತ್ರ ಹದಿನೈದ್ ದಿನ ಏನ್ ಕುಡೀಬೇಕು, ನಿನ್ನ ಬೆವರಾ?"

"ಏಡಿ ನೀರು ಬಿಟ್ಟು ಓಡಾಕತ್ಯಾವ ಬೇ. ಅವಕ್ಕ ಬ್ಯಾಡಾದ ನೀರು ನಿನ್ನ ಮೊಮ್ಮಗಳಿಗೆ ಬೇಕೇನು?"

ಅಷ್ಟರಲ್ಲಿ ಚನ್ನವೀರ ಬೈಕಿನಲ್ಲಿ ಬಂದ. ಕಾಲುವೆಯ ಮೇಲುಗಡೆಯ ಅಕ್ಕಿ ಗಿರಣಿ ಅವನದು. ಭತ್ತ ನೆನೆಸಿದ ಕೊಳೆನೀರು ಅವನ ಪೈಪಿನಿಂದ ಕಾಲುವೆಗೇ ಬೀಳುತ್ತದೆ. ಕೈಯಲ್ಲಿ ಒಂದು ಕಾಗದ ಆಡಿಸಿದ.

"ನೀರು ಚೊಲೊ ಅದ ಅಂತ ರಾಯಚೂರು ಲ್ಯಾಬಿನವ್ರು ಬರದಾರ. ಸೀಲ್ ಅದ ನೋಡ್ರಿ. ನಿಮ್ಮ ಏಳನೇ ಕ್ಲಾಸಿನ ಪಂಡಿತ ಏಡಿ ಕೇಳಿ ತೂಬು ಎತ್ತತಾನಂತ!"

ಜನ ನಕ್ಕರು.

"ಬಾಟ್ಲಿ ಎಲ್ಲಿ ತುಂಬಿಸಿದ್ರಿ ಸಾವ್ಕಾರ್ರ?"

"ನಮ್ಮ ಗಿರಣಿ ಗೇಟಿನ ಮುಂದ."

"ಗೇಟು ಪೈಪಿಗಿಂತ ಮ್ಯಾಲದ! ಕೆಳಗಿಂದು ಯಾಕ ತುಂಬಲಿಲ್ಲ?"

ಅವನು ಕಾಗದ ಮಡಿಚಿದ. ಬಾಯಿಮಾತಿನಿಂದ ಕೆಲಸವಾಗದು ಎಂದು ಎಲ್ಲರನ್ನೂ ಪೈಪಿನ ಹತ್ತಿರ ಕರೆದೊಯ್ದೆ. ಅಂಬಮ್ಮನ ಹತ್ತು ಏಡಿ ತೆಗೆದು, ಎರಡು ಬುಟ್ಟಿಗೆ ಐದೈದು ಹಾಕಿ, ಒಂದೊಂದು ಕಲ್ಲಿಟ್ಟೆ. ಒಂದನ್ನು ಪೈಪಿನ ಮೇಲುಗಡೆ, ಇನ್ನೊಂದನ್ನು ಕೆಳಗಡೆ ಅಂಚು ಕಾಣುವಷ್ಟು ಮುಳುಗಿಸಿದೆ. ಮೇಲಿನವು ಕಲ್ಲಿನಡಿ ಸೇರಿ ಸುಮ್ಮನಾದವು. ಕೆಳಗಿನವು ಒಂದು ಬೀಡಿ ಸೇದುವಷ್ಟರಲ್ಲಿ, ಒಂದರ ಮೇಲೊಂದು ಹತ್ತಿ, ಬಾಯಲ್ಲಿ ನೊರೆ ಕಾರುತ್ತ ಅಂಚಿಗೆ ಬಂದು ಕೂತವು.

ಅಂಬಮ್ಮ ಚನ್ನವೀರನ ಕಡೆ ತಿರುಗಿದಳು.

"ನನ್ನ ಮೊಮ್ಮಗಳಿಗೆ ಮೂರು ದಿನ ಗ್ಲೂಕೋಸ್ ಹಾಕ್ಸೀನಿ. ಪೈಪು ನೀ ಬಂದ್ ಮಾಡ್ತೀಯೋ, ನಾವ ಮಾಡ್ಬೇಕೋ?"

"ಭತ್ತ ನೆನಿ ಹಾಕೀನಿ ಯವ್ವಾ. ಆ ನೀರು ಎಲ್ಲಿ ಬಿಡ್ಲಿ?"

"ನಿನ್ನ ಅಂಗಳಕ್ಕ ಬಿಡು. ನೀನ ಕುಡಿ."

ಹೆಂಗಸರು ಅವನದೇ ಹೊಟ್ಟಿನ ಚೀಲಗಳನ್ನು ಎಳೆದು ತಂದು, ಪೈಪಿಗೆ ತುರುಕಿ, ಕೆಸರು ಮೆತ್ತಿದರು. ಕೊಳೆನೀರು ಹಿಂದಕ್ಕೆ ಹೊರಳಿ ಅವನ ಗಿರಣಿಯಂಗಳದಲ್ಲಿ ನಿಂತಿತು. ಅವನು ಪಂಚೆ ಎತ್ತಿಕೊಂಡು ಕೂಗಾಡಿದ.

ಕೆಳಗಿನ ಬುಟ್ಟಿಯ ಏಡಿಗಳು ಮತ್ತೆ ನೀರಿಗಿಳಿಯಲು ಮಧ್ಯಾಹ್ನ ಮೂರಾಯಿತು. ಆಮೇಲೆಯೇ ನಾನು ತೂಬು ಎತ್ತಿದೆ. ಸಂಜೆಗೆ ಅರ್ಧ ಕೆರೆ ತುಂಬಿತು. ಹದಿನೈದು ದಿನ ಅಷ್ಟರಲ್ಲೇ ಕಳೆಯಬೇಕು.

ನಿನ್ನೆ ಪಂಚಾಯತಿಯಿಂದ ನೋಟಿಸ್ ಬಂತು. ಗಿರಣಿಗಲ್ಲ, ನನಗೆ. ತೂಬು ತಡವಾಗಿ ಎತ್ತಿದ್ದಕ್ಕೆ ಕಾರಣ ಕೇಳಿದ್ದಾರೆ. ಅದೇ ಕಾಗದದ ಹಿಂಬದಿಗೆ ಬರೆದು ಕಳಿಸಿದ್ದೇನೆ: ಮುಂದಿನ ಸರದಿಗೂ ಏಡಿ ನೀರಿಗೆ ಇಳಿಯದೆ ನಾನು ತೂಬು ಎತ್ತುವುದಿಲ್ಲ. ಬೇಕಾದರೆ ಕೆಲಸ ತೆಗೆಯಿರಿ.