ಮೂರನೇ ಮಹಡಿಯ ತಿದ್ದುಪಡಿ

ಲಿಫ್ಟಿಗೆ ಮಾತು ಕಲಿಸಿದವರು ಯಾರೋ, ಎಲ್ಲಿದ್ದಾರೋ, ಆ ಕಟ್ಟಡದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದು ಓಪನ್ ಸೋರ್ಸ್ ತಂತ್ರಾಂಶ ಎಂದು ಕಂಪನಿಯವರು ಹೇಳುತ್ತಿದ್ದರು. ಎಲ್ಲೆಲ್ಲೋ ಕೂತ ಪುಣ್ಯಾತ್ಮರು ಸಂಬಳವಿಲ್ಲದೆ ಬರೆದದ್ದು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಬಹುದು. ಒಂದು ಸೋಮವಾರ ಆ ಪುಣ್ಯಾತ್ಮರಲ್ಲಿ ಯಾರಿಗೋ ಮಹಡಿಗಳ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡುವ ಬುದ್ಧಿ ಬಂತು. ಅಂದಿನಿಂದ ಲಿಫ್ಟು ಮೂರನೇ ಮಹಡಿಯಲ್ಲಿ ನಿಂತು ಎರಡು ಎನ್ನತೊಡಗಿತು, ನಾಲ್ಕರಲ್ಲಿ ನಿಂತು ಮೂರು ಎನ್ನತೊಡಗಿತು.

ಮೂರನೇ ಮಹಡಿಯಲ್ಲಿ ಒಬ್ಬ ಲಿಫ್ಟ್ ಮೆಕ್ಯಾನಿಕ್ ತನ್ನ ಅಕ್ಕನ ಜೊತೆ ಇದ್ದ. ಅಕ್ಕ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ ಕಣ್ಣು ಕಳೆದುಕೊಂಡವಳು. ಈಗ ಹತ್ತಿ ಇಳಿಯಲು ಲಿಫ್ಟಿನ ದನಿಯೇ ಅವಳಿಗೆ ಗತಿ. ಆ ಸೋಮವಾರ ಮೂರರ ಗುಂಡಿ ಒತ್ತಿದರೆ ಎರಡು ಎಂದು ಕೇಳಿಸಿತು. ಇನ್ನೊಂದು ಹತ್ತಬೇಕೆಂದು ಮುಂದಿನ ಗುಂಡಿ ಒತ್ತಿ, ಮೂರು ಎಂದಲ್ಲಿ ಇಳಿದಳು. ಬಾಗಿಲು ತೆರೆದದ್ದು ನಾಲ್ಕನೇ ಮಹಡಿಯ ಹಲ್ಲಿನ ಡಾಕ್ಟರ ಹೆಂಡತಿ. ಬನ್ನಿ ಎಂದರು, ಕೂರಿಸಿದರು, ಇವತ್ತು ಏನೇನು ಮಾಡಿದಿರಿ ಎಂದು ಕೇಳಿದರು. ಅಕ್ಕ ಹೇಳುತ್ತಾ ಕೂತಳು. ಸಂಜೆ ತಮ್ಮ ಕರೆಯಲು ಹೋದರೆ ಏಳಲಿಲ್ಲ.

"ಲಿಫ್ಟು ಇದೇ ಮೂರನೇ ಮಹಡಿ ಅಂತಿದೆ," ಎಂದಳು. "ಪ್ರತೀಲಿ ತಿದ್ದೋವರೆಗೂ ಅಚ್ಚಾಗಿದ್ದೇ ಸರಿ. ಹೋಗಿ ತಿದ್ದಿಸ್ಕೊಂಡು ಬಾ."

ಇದು ಮೊಂಡುತನವೋ ಮುನಿಸೋ ತಮ್ಮನಿಗೆ ತಿಳಿಯಲಿಲ್ಲ. ಕೇಳಬಹುದಿತ್ತು, ಆದರೆ ಬಾಯಿಬಿಟ್ಟು ಕೇಳುವುದು ಅವನ ಜಾಯಮಾನವಲ್ಲ. ದಿನವಿಡೀ ಲಿಫ್ಟುಗಳ ಹೊಟ್ಟೆಯೊಳಗೆ ದುಡಿದು, ಬಂದು ಉಂಡು ಮಲಗುವ ಪ್ರಾಣಿ. ಅಕ್ಕನ ಜೊತೆ ಅವನ ಇಡೀ ದಿನದ ಮಾತೆಂದರೆ "ಹೂಂ" ಮತ್ತು "ಉಪ್ಪು". ಈಗ ಎದುರಿನ ಕುರ್ಚಿ ಖಾಲಿಯಾಗಿ, ಎರಡನೇ ದಿನಕ್ಕೇ ತಟ್ಟೆಯಲ್ಲಿ ಅರ್ಧ ಅನ್ನ ಉಳಿಯತೊಡಗಿತು.

ತಿದ್ದಬೇಕಾದ್ದು ಒಂದೇ ಅಂಕಿ. ಸ್ಕ್ರೂಡ್ರೈವರಿನಿಂದ ಆಗುವುದಾಗಿದ್ದರೆ ಐದು ನಿಮಿಷದ ಕೆಲಸ. ಆದರೆ ಒಪ್ಪಿಗೆ ಪಡೆದ ಪ್ರತಿಯನ್ನು ಬಿಟ್ಟು ಬೇರೇನನ್ನೂ ಲಿಫ್ಟು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸರಿ, ಕಂಪ್ಯೂಟರಿನ ಮುಂದೆ ಕೂತು "ಹೊಸಬರಿಗೆ ಸ್ವಾಗತ" ಎಂಬುದನ್ನು ತೆರೆದ. ಸ್ವಾಗತ ನಲವತ್ತು ಪುಟ ಇತ್ತು. ಮೊದಲು ದೋಷವನ್ನು ವರದಿ ಮಾಡಬೇಕು. ಆಮೇಲೆ ಇಡೀ ತಂತ್ರಾಂಶದ ನಕಲೊಂದನ್ನು ತನ್ನ ಹೆಸರಿಗೆ ಮಾಡಿಕೊಂಡು, ಆ ನಕಲಿನಿಂದ ಒಂದು ಕವಲು ಒಡೆದು, ಕವಲಿನಲ್ಲಿ ತಿದ್ದಿ, ದಯವಿಟ್ಟು ಇದನ್ನು ಸೇರಿಸಿಕೊಳ್ಳಿ ಎಂದು ಕೋರಿಕೆ ಕಳಿಸಬೇಕು. ಒಂದು ಅಂಕಿಗಾಗಿ ಬಡಪಾಯಿ ಎರಡು ಲಕ್ಷ ಸಾಲು ನಕಲು ಮಾಡಿಕೊಂಡ.

ಕೋರಿಕೆಗಳನ್ನು ತಡೆದು ನೋಡಲು ಅಲ್ಲೊಂದು ಯಂತ್ರವಿತ್ತು. ಅದು ಮೊದಲು ಧನ್ಯವಾದ ಹೇಳುತ್ತಿತ್ತು, ಆಮೇಲೆ ಬಾಗಿಲು ಹಾಕುತ್ತಿತ್ತು. ಧನ್ಯವಾದ, ಶೀರ್ಷಿಕೆ ಉದ್ದವಾಯಿತು. ಧನ್ಯವಾದ, ಸಾಲಿನ ಕೊನೆಗೆ ಖಾಲಿ ಜಾಗ ಉಳಿದಿದೆ. ಧನ್ಯವಾದ, ಸಾವಿರದ ಇನ್ನೂರು ಪರೀಕ್ಷೆಗಳಲ್ಲಿ ಒಂದರಲ್ಲಿ ನಪಾಸು. ನೋಡಿದರೆ, ನಾಲ್ಕನೇ ಮಹಡಿಯಲ್ಲಿ ಲಿಫ್ಟು ಮೂರು ಎಂದೇ ಹೇಳಬೇಕೆಂದು ಆ ಪರೀಕ್ಷೆಯೇ ಹಟ ಹಿಡಿದು ಕೂತಿತ್ತು. ಅದನ್ನು ತಿದ್ದಲು ಇನ್ನೊಂದು ಕೋರಿಕೆ. ಒಂಬತ್ತನೇ ಸಲ ಯಂತ್ರ ಒಪ್ಪಿತು. ಆಗ ಮೂವತ್ತೆಂಟನೇ ಪುಟದ ನಿಯಮ ಅಡ್ಡ ಬಂತು: ದನಿಯ ತಿದ್ದುಪಡಿಯನ್ನು ದನಿ ನಂಬಿ ನಡೆಯುವವರೊಬ್ಬರು ಪರಿಶೀಲಿಸಿ ಒಪ್ಪಬೇಕು. ಪರಿಶೀಲಕರ ಪಟ್ಟಿಯಲ್ಲಿ ಅಂಥವರು ಒಬ್ಬರೇ ಇದ್ದರು. ಹಿಂದಿನ ದಿನವಷ್ಟೇ, ಅವನದೇ ಕಟ್ಟಡದ ನಾಲ್ಕನೇ ಮಹಡಿಯಿಂದ ಸೇರಿಕೊಂಡವರು.

ಹೀಗೆ ಅಕ್ಕನೇ ಪರಿಶೀಲಕಿಯಾದಳು. ಡಾಕ್ಟರ ಹೆಂಡತಿ ಓದಿ ಹೇಳುವುದು, ಅಕ್ಕ ಹೇಳಿದ್ದನ್ನು ಬರೆದು ಕಳಿಸುವುದು. ಮೂವತ್ತು ವರ್ಷ ಲೇಖಕರನ್ನು ಗೋಳು ಹೊಯ್ದುಕೊಂಡವಳ ಕೈಗೆ ಮತ್ತೆ ಪ್ರೂಫ್ ಸಿಕ್ಕಿತ್ತು, ಕೇಳಬೇಕೆ. ಅಂಕಿಯ ಬಗ್ಗೆ ಅವಳದು ಚಕಾರವಿಲ್ಲ. ತಿದ್ದುಪಡಿ ಏಕೆ ಬೇಕು ಎಂಬ ಜಾಗದಲ್ಲಿ ಅವನು ಲಿಫ್ಟು ತಪ್ಪು ಹೇಳುತ್ತಿದೆ ಎಂದು ಬರೆದಿದ್ದ. ಕಾರಣ ಸಾಲದು ಎಂದು ವಾಪಸು ಬಂತು. ನಿವಾಸಿಗಳಿಗೆ ತೊಂದರೆ ಎಂದು ಬರೆದ. ಯಾವ ನಿವಾಸಿಗೆ, ವಿವರಿಸಿ, ಎಂದು ಬಂತು. ಮೂರನೇ ಮಹಡಿಯ ಒಬ್ಬರು ಮನೆ ಸೇರುತ್ತಿಲ್ಲ ಎಂದು ಬರೆದ. ಅವರು ಸೇರದಿದ್ದರೆ ಯಾರಿಗೆ ನಷ್ಟ, ಎಂದು ಬಂತು.

ಆ ಪ್ರಶ್ನೆಗೆ ಅರ್ಧ ಗಂಟೆ ಬರೆದ, ಅಳಿಸಿದ. ನೆತ್ತಿಯ ಮೇಲಿನ ಮನೆಯಲ್ಲಿ ಅಕ್ಕ ನಗುವುದು ಕೇಳುತ್ತಿತ್ತು. ಅವಳು ಹಾಗೆ ನಗುತ್ತಾಳೆ ಎಂಬುದೇ ಅವನಿಗೆ ಮರೆತುಹೋಗಿತ್ತು, ನಾಚಿಕೆಯಾಯಿತು. ಕೊನೆಗೆ ಬರೆದ: "ನನಗೆ. ಅವಳಿಲ್ಲದೆ ಮನೆ ಮನೆಯಂತಿಲ್ಲ. ಇದ್ದಾಗ ಮಾತಾಡಿಸಲಿಲ್ಲ, ತಪ್ಪು ನನ್ನದು."

ಹತ್ತು ನಿಮಿಷದಲ್ಲಿ ಒಪ್ಪಿಗೆ ಬಂತು. ಮಾತಾಡಿಸಲಿಲ್ಲ ಎಂಬುದರ ಮುಂದೆ ಅಲ್ಪವಿರಾಮ ಬೇಡ, ಪೂರ್ಣವಿರಾಮ ಇರಲಿ ಎಂಬ ಸೂಚನೆಯೂ ಇತ್ತು. ಅವನ ಕಾರಣ ತಂತ್ರಾಂಶದ ಇತಿಹಾಸದಲ್ಲಿ ಶಾಶ್ವತವಾಗಿ ದಾಖಲಾಯಿತು. ಹನ್ನೊಂದು ಸಾವಿರ ಲಿಫ್ಟುಗಳನ್ನು ನೋಡಿಕೊಳ್ಳುವವರು ಯಾವಾಗ ಬೇಕಾದರೂ ಅದನ್ನು ತೆಗೆದು ಓದಬಹುದಿತ್ತು.

ಮರುದಿನ ಮಧ್ಯಾಹ್ನ, ಅವನು ಬಾಗಿಲ ಮುಂದೆ ಕಾದಿದ್ದಾಗ, ಲಿಫ್ಟು ಮೂರನೇ ಮಹಡಿಯಲ್ಲಿ ನಿಂತು ಮೂರು ಎಂದಿತು. ಅಕ್ಕ ಚೀಲ ಹಿಡಿದು ಒಳಗೇ ನಿಂತಿದ್ದಳು, ಬಾಗಿಲು ಮುಚ್ಚದಂತೆ ಒಂದು ಕಾಲು ಮುಂದಿಟ್ಟು.

"ಬರೆದಿದ್ದನ್ನ ಪಾಸ್ ಮಾಡಿದೀನಿ," ಎಂದಳು. "ಈಗ ಅದನ್ನೇ ಬಾಯಲ್ಲಿ ಓದು. ಮೂಲಕ್ಕೂ ನಕಲಿಗೂ ತಾಳೆ ನೋಡ್ಬೇಕು."

ಬಾಗಿಲು ಎರಡು ಸಲ ಅವಳ ಕಾಲಿಗೆ ತಾಗಿ ಹಿಂದೆ ಸರಿಯಿತು.

"ನೀನಿಲ್ದೆ ಮನೆ ಮನೆ ಥರ ಇಲ್ಲ ಅಕ್ಕಾ," ಎಂದ.

ಅಕ್ಕ ಈಚೆ ಬಂದಳು. ಚೀಲವನ್ನು ಅವನ ಕೈಗೆ ಕೊಟ್ಟು, ಮುಂದಿನ ವಾಕ್ಯ ಓದು ಎಂದಳು.