ನಾಲ್ಕು ಕೈಯ ಹೊಲಿಗೆ

ಜಯಾ ಸೀಬೆಮರದಿಂದ ಬಿದ್ದಾಗ ಬೆಳಗಿನ ಒಂಬತ್ತು ಗಂಟೆ. ಹತ್ತಕ್ಕೆಲ್ಲ ಜಯನಗರದ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಳು. ಮೊಣಕೈ ಮೂಳೆ ಮುರಿದದ್ದೇನೋ ಸರಿ, ಅದರ ಚೂಪು ತುದಿ ಒಳಗಿನ ರಕ್ತನಾಳವನ್ನೇ ಕತ್ತರಿಸಿಬಿಟ್ಟಿತ್ತು. ಆರು ವರ್ಷದ ಹುಡುಗಿಯ ಬಲಗೈ ಬೆರಳುಗಳು ಮೇಣದಂತೆ ಬಿಳಿ, ಹೂಜಿಯಂತೆ ತಣ್ಣಗೆ.

"ಮಧ್ಯಾಹ್ನ ಎರಡರೊಳಗೆ ನಾಳ ಹೊಲೀದೇ ಇದ್ರೆ ಕೈ ಉಳಿಯಲ್ಲ" ಎಂದರು ಡಾಕ್ಟರ್ ಕಾತ್ಯಾಯಿನಿ.

"ಹೊಲೀರಿ ಮತ್ತೆ! ನನ್ ಮುಖ ಏನು ನೋಡ್ತೀರಾ?" ಎಂದರು ಅಜ್ಜಿ ಸೀತಾಲಕ್ಷ್ಮಿ.

ಅದು ಅಷ್ಟು ಸಲೀಸಲ್ಲ. ಇದು ಅರವತ್ಮೂರನೇ ಇಸವಿ. ಇಷ್ಟು ಎಳೆಯ ನಾಳವನ್ನು ಕಾತ್ಯಾಯಿನಿ ಹೊಲಿದದ್ದು ಆಡುಗಳಿಗೆ ಮಾತ್ರ. ಅದೂ ಪ್ರಯೋಗಕ್ಕೆಂದು, ಹಿತ್ತಲಿನ ಶೆಡ್ಡಿನಲ್ಲಿ, ಅಟೆಂಡರ್ ಚಿಕ್ಕಬೈರಪ್ಪನವರ ಜೊತೆ.

ಚಿಕ್ಕಬೈರಪ್ಪ ಪುಟ್ಟೇನಹಳ್ಳಿಯವರು, ತಂದೆ ಮೆಟ್ಟು ಹೊಲಿಯುತ್ತಿದ್ದವರು. ಮೊದಲ ಹತ್ತು ಆಡುಗಳಲ್ಲಿ ಹೊಲಿದ ಜಾಗದಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಹನ್ನೊಂದನೆಯದಕ್ಕೆ ಅವರು ಬಾಯಿಬಿಟ್ಟಿದ್ದರು: "ಡಾಕ್ಟ್ರಮ್ಮಾ, ಅಂಚು ಒಳಕ್ಕೆ ಮಡಚ್ಕೊಂತಾ ಐತೆ. ಮೆಟ್ಟಲ್ಲಿ ಹಿಂಗೆ ಹೊಲುದ್ರೆ ಕಾಲು ಕಚ್ತದೆ. ಹೊರಕ್ಕೆ ಮಡಚಿ."

ಅಂದಿನಿಂದ ಅಂಚು ಹೊರಳಿಸಿ ಹಿಡಿಯುವವರು ಅವರು, ಸೂಜಿ ಹಾಕುವವರು ಇವರು. ಕೊನೆಯ ಒಂಬತ್ತು ಆಡುಗಳು ಕುಂಟದೆ ಎದ್ದು ಓಡಿದ್ದವು. ಒಂದಂತೂ ಕಾತ್ಯಾಯಿನಿಯ ಸೀರೆಯ ಸೆರಗನ್ನೇ ಮೇಯ್ದಿತ್ತು.

ಬೈರಪ್ಪನವರೂ ಆಪರೇಷನ್ ಥಿಯೇಟರಿಗೆ ಬರುತ್ತಾರೆಂದು ತಿಳಿದು ಸೂಪರಿಂಟೆಂಡೆಂಟ್ ಗಂಗಾಧರಯ್ಯ ಓಡಿಬಂದರು. "ಶೆಡ್ಡಲ್ಲಿ ಏನಾದ್ರೂ ಮಾಡ್ಕೊಳಿ ಡಾಕ್ಟ್ರೇ. ಥಿಯೇಟರ್ ಒಳಗೆ ಅಟೆಂಡರಾ? ಅದೂ ಈ ಬೈರನಾ?" ಎಂದವರೇ ಸೀತಾಲಕ್ಷ್ಮಿಯವರ ಕಿವಿಯಲ್ಲಿ ಬೈರಪ್ಪ ಯಾರ ಮಗ ಎಂದೂ ಊದಿದರು.

ಅಜ್ಜಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. "ಅವನ್ಯಾಕೆ? ನೀವೇ ಮಾಡಿ ಸಾಕು."

"ಸೂಜಿ ನಂದು ಅಜ್ಜಿ, ಹೊಲಿಗೆ ಇವರ್ದು. ಒಬ್ಬಳೇ ಮಾಡಿದ್ರೆ ಮಗು ಕೈ ಹೋಗತ್ತೆ. ನಾನು ಒಬ್ಬಳೇ ಮಾಡಲ್ಲ."

ಗಡಿಯಾರ ಹನ್ನೊಂದು ಹೊಡೆಯಿತು. ಯಾರ ಒಪ್ಪಿಗೆಗೂ ಕಾಯದೆ ಕಾತ್ಯಾಯಿನಿ ಬೈರಪ್ಪನವರತ್ತ ನೋಡಿ ನಲ್ಲಿಯ ಕಡೆ ತಲೆಯಾಡಿಸಿದರು. ಥಿಯೇಟರಿನ ಹೊರಗೆ, ಜಯಾಳ ಟ್ರಾಲಿಯ ಪಕ್ಕದಲ್ಲೇ ಆ ನಲ್ಲಿ. ಬೈರಪ್ಪ ಮೊಣಕೈವರೆಗೆ ಸೋಪು ಹಚ್ಚಿ, ಬ್ರಶ್ಶಿನಿಂದ ಉಗುರುಗಳನ್ನು ಉಜ್ಜಿ ಉಜ್ಜಿ ಹತ್ತು ನಿಮಿಷ ತೊಳೆದರು. ಆಮೇಲೆ ಎರಡೂ ಕೈ ಮೇಲೆತ್ತಿ, ನೀರು ಸೋರಿಸುತ್ತಾ ತಿರುಗಿದರು.

"ಏಯ್, ಎಲ್ಲಿಗೋ?" ಗಂಗಾಧರಯ್ಯ ತೋಳು ಹಿಡಿಯಲು ಕೈ ಚಾಚಿದರು.

ಬೈರಪ್ಪ ಗೋಡೆಗೆ ಒತ್ತಿಕೊಂಡರು. "ಮುಟ್ಬೇಡಿ ಸಾರ್! ಮುಟ್ಟುದ್ರೆ ಇನ್ನೊಂದ್ ಕಿತ ಮೊದ್ಲಿಂದ ತೊಳೀಬೇಕಾಯ್ತದೆ. ಟೈಮಿಲ್ಲ!"

ಗಂಗಾಧರಯ್ಯನವರ ಕೈ ಗಾಳಿಯಲ್ಲೇ ನಿಂತಿತು. ಅವರ ಬದುಕಿನಲ್ಲಿ ಈ ಮಾತನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಸೀತಾಲಕ್ಷ್ಮಿ ಮಾತ್ರ ಈ ಮಾತನ್ನು ದಿನವೂ ಆಡುತ್ತಿದ್ದರು. ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಹೀಗೇ ಗೋಡೆಗೆ ಅಂಟಿಕೊಂಡು, ಜಯಾ ಓಡಿಬಂದರೆ ಹೀಗೇ ಕಿರುಚುತ್ತಿದ್ದರು. ಅವರು ಬೈರಪ್ಪನವರ ಕೆಂಪಾದ ಉಗುರುಗಳನ್ನು ನೋಡಿದರು. ಮೊಮ್ಮಗಳ ಬಿಳಿಚಿದ ಉಗುರುಗಳನ್ನು ನೋಡಿದರು.

"ಗಂಗಾಧರಯ್ಯನೋರೆ, ಒಂಚೂರು ಹಿಂದೆ ಸರೀರಿ."

"ಅಮ್ಮಾ, ನಾನು ನಿಮಗೋಸ್ಕರಾನೇ..."

"ಕಾಣ್ಸಲ್ವೇನ್ರೀ? ಅವರು ಮಡೀಲಿದಾರೆ! ಮೈಲಿಗೆ ಮಾಡ್ಬಿಡ್ತೀರಾ, ಸರೀರಿ ಆಕಡೆ!"

ಗಂಗಾಧರಯ್ಯ ಸರಿದರು. ಬೈರಪ್ಪ ಬಾಗಿಲನ್ನು ಬೆನ್ನಿನಿಂದ ತಳ್ಳಿ ಒಳಹೊಕ್ಕರು.

ಒಳಗೆ ನಾಲ್ಕು ಕೈ, ಕೂದಲೆಳೆಯಂಥ ದಾರ. "ಹೊರಕ್ಕೆ... ಇನ್ನೊಂದೀಟು... ಈಗ ಹಾಕಿ ಡಾಕ್ಟ್ರಮ್ಮಾ." ಹದಿನಾಲ್ಕು ಹೊಲಿಗೆ. ಒಂದೂಕಾಲಿಗೆ ಕಾತ್ಯಾಯಿನಿ ನಾಳದ ಮೇಲಿನ ಕ್ಲಿಪ್ಪು ತೆಗೆದರು. ಇಬ್ಬರೂ ಹೆಬ್ಬೆರಳನ್ನೇ ನೋಡಿದರು. ಅದು ಬಿಳಿಯಾಗೇ ಇತ್ತು. ಬಿಳಿಯಾಗೇ ಇತ್ತು. ಆಮೇಲೆ ಉಗುರಿನ ಬುಡದಲ್ಲಿ ಚೂರು ಗುಲಾಬಿ.

"ಬಂತು!" ಎಂದರು ಬೈರಪ್ಪ. ಕಾತ್ಯಾಯಿನಿ ಮೊಣಕೈಯಿಂದ ಅವರ ಮೊಣಕೈಗೆ ಒಂದು ತಿವಿತ ಕೊಟ್ಟರು, ಅಷ್ಟೇ.

ಮೂರು ಗಂಟೆಗೆ ಜಯಾ ಕಣ್ಣುಬಿಟ್ಟಳು. ಸೀತಾಲಕ್ಷ್ಮಿ ಬೈರಪ್ಪನವರ ಕಡೆ ತಿರುಗಿ, "ನಾನು ಮುಟ್ಬಹುದೇನಪ್ಪಾ?" ಎಂದು ಕೇಳಿದರು.

"ಮೆಲ್ಲುಕೆ ಮುಟ್ಟಿ ತಾಯಿ."

"ಅಜ್ಜೀ, ಕೈ ಉರೀತಿದೆ" ಎಂದು ಜಯಾ ರಾಗ ತೆಗೆದಳು.

"ಉರೀತಿದೆಯಾ?" ಅಜ್ಜಿ ಆ ಬೆಚ್ಚಗಿನ ಬೆರಳುಗಳನ್ನು ಕೆನ್ನೆಗೊತ್ತಿಕೊಂಡು ಅಳುತ್ತಲೇ ನಕ್ಕರು. "ಉರೀಲಿ ಕಂದಾ, ಚೆನ್ನಾಗಿ ಉರೀಲಿ!"