ಚಾಪೆ ಬೇಕರಿಗೆ ಹೋಗುವ ವಾರ

ಸೊಸೆಯ ಹೊಲಿಗೆ ಯಂತ್ರದ ಸದ್ದು ನಿಂತಿತೆಂದರೆ ಅತ್ತೆ ಒಳಗಿನಿಂದಲೇ, "ಮತ್ತೆ ಬಂತಾ?" ಎನ್ನುತ್ತಿದ್ದಳು. ಸೊಸೆಗೆ ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ನೋವು. ಮುಟ್ಟಿನ ದಿನಗಳಲ್ಲಲ್ಲ, ಎರಡು ಮುಟ್ಟುಗಳ ನಡುವೆ. ಒಂದು ದಿನ ಕಾಡಿ ತಾನಾಗಿಯೇ ಹೋಗುತ್ತಿತ್ತು.

"ಗರ್ಭಕೋಶಕ್ಕೆ ಶಕ್ತಿ ಇಲ್ಲ, ಅದಕ್ಕೇ ಮದುವೆಯಾಗಿ ಮೂರು ವರ್ಷವಾದ್ರೂ ಮಡಿಲು ತುಂಬಿಲ್ಲ" ಎಂದು ಅತ್ತೆ ತೀರ್ಪು ಕೊಟ್ಟಾಗಿತ್ತು. ಅದಕ್ಕೆ ಮೇಲ್ಮನವಿ ಇರಲಿಲ್ಲ. ನೋವು ಬರುವ ಅಂದಾಜು ಹಿಡಿದು, ನಾಲ್ಕೈದು ದಿನ ಮೊದಲೇ ಮಗನನ್ನು ಅವನ ಬೇಕರಿಯಲ್ಲಿ ಮಲಗಲು ಕಳಿಸುತ್ತಿದ್ದಳು. ಸೊಸೆಗೆ ವಿಶ್ರಾಂತಿ ಸಿಗಲಿ ಎಂಬ ಕಾಳಜಿ ಅದು. ಅವನೂ ಪಾಪ, ಮೈದಾ ಮೂಟೆಗಳ ಮಗ್ಗುಲಲ್ಲಿ ವಾರ ಕಳೆದು ಬರುತ್ತಿದ್ದ.

ಒಂದು ಸಂಜೆ ಎದುರುಮನೆಯ ನರ್ಸಕ್ಕ ಯೂನಿಫಾರಂ ಹೊಲಿಸಲು ಬಂದಾಗ ಅವನು ಚಾಪೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ.

"ಏನಪ್ಪಾ, ಜಗಳಾನಾ?"

"ಇಲ್ಲಕ್ಕ, ಇವಳಿಗೆ ನೋವು ಬರೋ ಸಮಯ." ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ.

ನರ್ಸಕ್ಕ ಕುರ್ಚಿ ಎಳೆದುಕೊಂಡು ಕೂತಳು. "ತಿಂಗಳಿಗೊಮ್ಮೆ ಅಂಡಾಶಯದಿಂದ ಅಂಡಾಣು ಹೊರಗೆ ಬರುತ್ತೆ. ಆಗ ಕೆಲವರಿಗೆ ಹೀಗೆ ನೋಯುತ್ತೆ, ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಇದು ಬಂಜೆತನದ ಗುರುತಲ್ಲ."

"ಹಾಗಾದ್ರೆ ಮಗು ಯಾಕಾಗ್ಲಿಲ್ಲ?" ಅತ್ತೆ ಪಟ್ಟು ಬಿಡಲಿಲ್ಲ.

"ಗರ್ಭ ನಿಲ್ಲೋ ಸಾಧ್ಯತೆ ಹೆಚ್ಚಿರೋದು ಅಂಡಾಣು ಬರೋ ದಿನ, ಅದರ ಹಿಂದಿನ ನಾಲ್ಕೈದು ದಿನ. ಸರಿಯಾಗಿ ಅದೇ ದಿನಗಳಲ್ಲಿ ನೀವು ಮಗನ್ನ ಬ್ರೆಡ್ಡಿನ ಜೊತೆ ಮಲಗಿಸ್ತಿದೀರಲ್ಲ ಅಮ್ಮಾ!"

ಸೊಸೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮೂರು ವರ್ಷ ಅವಳು ತನ್ನ ಹೊಟ್ಟೆಯನ್ನೇ ಶಪಿಸಿಕೊಂಡಿದ್ದಳು.

"ಇದೊಂದೇ ಕಾರಣ ಅಂತ ನಾನು ಹೇಳಲ್ಲ" ಎಂದಳು ನರ್ಸಕ್ಕ. "ಒಂದು ವರ್ಷ ಪ್ರಯತ್ನಿಸಿದ್ರೂ ಗರ್ಭ ನಿಲ್ಲದಿದ್ರೆ ಡಾಕ್ಟರಿಗೆ ತೋರಿಸ್ಬೇಕು. ನಾಳೆ ಇಬ್ರೂ ಆಸ್ಪತ್ರೆಗೆ ಬನ್ನಿ, ಇಬ್ರಿಗೂ ಪರೀಕ್ಷೆ ಆಗ್ಲಿ."

"ನನ್ನ ಮಗನಿಗೂನಾ?"

"ಮಗು ಒಬ್ರಿಂದಲೇ ಆಗುತ್ತಾ?"

ಅತ್ತೆ ಸೊಸೆಯ ಪಕ್ಕ ಬಂದು ಕೂತಳು. ಅವಳ ತಲೆ ಸವರಿ, "ನಿನ್ನನ್ನ ಸುಮ್ಮನೆ ನೋಯಿಸಿದೆ ಕಣೇ" ಎಂದಳು. ಎದ್ದುಹೋಗಿ ಮಗನ ಕೈಯಿಂದ ಚಾಪೆ ಕಿತ್ತುಕೊಂಡಳು.

"ಒಳಗೆ ನಡಿ. ಬೇಕರಿ ಕಾಯೋಕೆ ಬೀಗ ಇದೆ."

ಓದುತ್ತಿರುವ ಅಕ್ಕತಂಗಿಯರೇ, ಅತ್ತೆಯಂದಿರೇ, ಗಂಡಂದಿರೇ, ಎರಡು ಮುಟ್ಟುಗಳ ನಡುವಿನ ಈ ನೋವು ಸಾಮಾನ್ಯವಾಗಿ ಕಾಯಿಲೆಯಲ್ಲ. ಆದರೆ ಅದನ್ನೇ ನಂಬಿ ದಿನ ಲೆಕ್ಕ ಹಾಕಿ ಗರ್ಭ ತಡೆಯಲು ಹೋಗಬೇಡಿ, ಲೆಕ್ಕ ತಪ್ಪುತ್ತದೆ. ನೋವು ತಡೆಯಲಾಗದಷ್ಟಿದ್ದರೆ, ಎರಡು ಮೂರು ದಿನವಾದರೂ ಇಳಿಯದಿದ್ದರೆ, ಜ್ವರ, ವಾಂತಿ, ತಲೆಸುತ್ತು ಇಲ್ಲವೇ ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಗು ಆಗಲಿಲ್ಲವೆಂದು ಹೆಣ್ಣನ್ನು ದೂರುವ ಮೊದಲು, ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಿ.